ಡೆಬಿಯನ್ ಸರ್ವರ್‌ಗೆ ಫರ್ಮ್‌ವೇರ್ ಹಾಕುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಡೆಲ್ ಪವರ್‌ಎಡ್ಜ್ ಸರ್ವರ್ ಕೊಂಡು, ಸೋಲೂರಿನ ಶಾಲೆಗೋ ಸೊಸೈಟಿಗೋ ತಂದು ಡೆಬಿಯನ್ ಹಾಕಿದಿರಿ ಎನ್ನಿ. ಫರ್ಮ್‌ವೇರ್ ಅಪ್‌ಡೇಟ್ ಮಾಡಲು ಹೊರಟಾಗ ತೊಡಕು ಶುರು. ಲಿನಕ್ಸ್‌ಗೆಂದು ಡೆಲ್ ಕೊಡುವ ಬಿನ್ ಫೈಲುಗಳು ಮುಖ್ಯವಾಗಿ ರೆಡ್ ಹ್ಯಾಟ್ ಮತ್ತು ಸೂಸೆಗೆ ಸಿದ್ಧಪಡಿಸಿದವು. ಡೆಬಿಯನ್‌ನಲ್ಲಿ ಅವು ಅರ್ಧಕ್ಕೇ ನಿಲ್ಲಬಹುದು. ಡೆಬಿಯನ್‌ಗೆ ರೆಡ್ ಹ್ಯಾಟ್ ವೇಷ ಹಾಕಿಸಿ ಓಡಿಸುವವರಿದ್ದಾರೆ. ಆ ಸಾಹಸ ಬೇಡ. ಫರ್ಮ್‌ವೇರ್ ಇರುವುದು ಚಿಪ್ಪುಗಳಲ್ಲಿ, ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕಿನಲ್ಲಲ್ಲ. ಹಾಗಾಗಿ ಡೆಬಿಯನ್ನನ್ನು ಮುಟ್ಟದೆಯೇ ಅದನ್ನು ಬದಲಿಸಬಹುದು.

ಮೊದಲು ಕರೆಂಟಿನ ಮಾತು. ಬಯೋಸ್ ಎಂಬ ಮುಖ್ಯ ಫರ್ಮ್‌ವೇರ್ ಬರೆಯುವಾಗ ವಿದ್ಯುತ್ ಹೋದರೆ ಮದರ್‌ಬೋರ್ಡೇ ಕೈಕೊಡಬಹುದು. ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಗುಡುಗು–ಮಳೆಯ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಡೇಟಾ ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ.

ಪೆಟ್ಟಿಗೆಯ ಮೇಲಿರುವ 7 ಅಕ್ಷರಗಳ ಸರ್ವಿಸ್ ಟ್ಯಾಗನ್ನು ಡೆಲ್ ಸಪೋರ್ಟ್ ತಾಣದಲ್ಲಿ ಕೊಟ್ಟು ನಿಮ್ಮ ಮಾದರಿಯ ಫೈಲುಗಳನ್ನು ಹುಡುಕಿ. ಲಿನಕ್ಸ್ ಅಭಿಮಾನಿಗಳಿಗೆ ಮುಜುಗರವೆನಿಸಿದರೂ ವಿಂಡೋಸ್ 64-ಬಿಟ್‌ನ ಇಎಕ್ಸ್‌ಇ ಫೈಲನ್ನೇ ಇಳಿಸಿಕೊಳ್ಳಿ. ಸರ್ವರ್‌ನೊಳಗೇ ಇರುವ ಐಡ್ರ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಅದನ್ನು ಬಿಚ್ಚಿ, ಬೇಕಾದ ಸರಕನ್ನಷ್ಟೇ ತೆಗೆದುಕೊಳ್ಳುತ್ತದೆ. ವಿಂಡೋಸ್ ಬೇಕಿಲ್ಲ.

ಸರ್ವರ್ ಹಿಂಬದಿಯ ಐಡ್ರ್ಯಾಕ್ ಪೋರ್ಟ್‌ಗೆ ನೆಟ್‌ವರ್ಕ್ ಕೇಬಲ್ ಹಾಕಿ. ಹಳೆಯ ಮಾದರಿಗಳಲ್ಲಿ ಕಾರ್ಖಾನೆಯ ವಿಳಾಸ 192.168.0.120, ಹೆಸರು ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್. ಇದು ಲೋಕಕ್ಕೆಲ್ಲ ಗೊತ್ತಿರುವ ಗುಟ್ಟು. ಬ್ರೌಸರ್‌ನಲ್ಲಿ ಆ ವಿಳಾಸ ಕೊಟ್ಟು ಒಳಹೊಕ್ಕ ಕೂಡಲೇ ಪಾಸ್‌ವರ್ಡ್ ಬದಲಿಸಿ. ಹಿಂದಿನ ಮಾಲೀಕರು ಬೇರೆ ಪಾಸ್‌ವರ್ಡ್ ಇಟ್ಟಿದ್ದರೆ, ಬೂಟ್ ಆಗುವಾಗ ಎಫ್2 ಒತ್ತಿ ಐಡ್ರ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಮಾಡಬಹುದು.

ಐಡ್ರ್ಯಾಕ್‌ನ ಅಪ್‌ಡೇಟ್ ಪುಟ ತೆರೆದು ಮೊದಲು ಐಡ್ರ್ಯಾಕ್‌ನ ಫೈಲ್, ಆಮೇಲೆ ಬಯೋಸ್‌ನದು, ಕೊನೆಗೆ ಡಿಸ್ಕುಗಳನ್ನು ನಡೆಸುವ ರೇಡ್ ಕಾರ್ಡಿನದು ಅಪ್‌ಲೋಡ್ ಮಾಡಿ. ಒಂದೊಂದಾಗಿ. ತೀರಾ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಹಾರಲು ಬಿಡದಿರಬಹುದು. ಫೈಲಿನ ಜೊತೆಗಿರುವ ಟಿಪ್ಪಣಿ ಓದಿ, ನಡುವಿನ ಆವೃತ್ತಿ ಹಾಕಿ ಮುಂದುವರಿಯಿರಿ. ರೀಬೂಟ್ ಆದಾಗ ಪರದೆ ಬಹಳ ಹೊತ್ತು ಕಪ್ಪಾಗಿದ್ದರೂ ಸ್ವಿಚ್ಚಿಗೆ ಕೈಹಚ್ಚಬೇಡಿ.

ನೆಟ್‌ವರ್ಕ್ ಇಲ್ಲವೇ? ಅದೇ ಫೈಲನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಎಫ್10 ಒತ್ತಿ ಲೈಫ್‌ಸೈಕಲ್ ಕಂಟ್ರೋಲರ್‌ನಿಂದ ಓಡಿಸಿ. ಎಚ್‌ಪಿ ಸರ್ವರ್ ಆದರೆ ಐಡ್ರ್ಯಾಕ್ ಬದಲು ಐಲೋ ಇದೇ ಕೆಲಸ ಮಾಡುತ್ತದೆ. ಆದರೆ ಆ ಸರ್ವರ್‌ನ ಬಯೋಸ್ ಫೈಲು ಕೊಡಲು ವಾರಂಟಿ ಕೇಳುವುದುಂಟು. ಕೊಳ್ಳುವ ಮುನ್ನವೇ ಯೋಚಿಸಿ.

ಡೆಬಿಯನ್ ಮೇಲೆದ್ದ ಮೇಲೆ ಡಿಎಂಐಡಿಕೋಡ್ ಎಂಬ ಆಜ್ಞೆ ಓಡಿಸಿ ಬಯೋಸ್ ಆವೃತ್ತಿ ನೋಡಿ. ಏನಾದರೂ ಎಡವಟ್ಟಾಗಿದ್ದರೆ ಐಡ್ರ್ಯಾಕ್‌ನಲ್ಲೇ ರೋಲ್‌ಬ್ಯಾಕ್ ಇದೆ, ಹಿಂದಿನ ಆವೃತ್ತಿಗೆ ಮರಳಬಹುದು.