ಹುಣಸೂರಿನಿಂದ ಒಲಿಂಪಿಯಾಕ್ಕೆ: ಗ್ರೀಸ್ ಶೈಕ್ಷಣಿಕ ಪ್ರವಾಸಕ್ಕೆ ಸಿದ್ಧತೆ ಹೇಗೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಪ್ರೌಢಶಾಲೆಯೋ ಪದವಿಪೂರ್ವ ಕಾಲೇಜೋ ಕ್ರೀಡೆಯನ್ನೂ ಪ್ರಾಚೀನ ಇತಿಹಾಸವನ್ನೂ ಒಂದೇ ಪ್ರವಾಸದಲ್ಲಿ ಕಲಿಸಲು ಬಯಸಿದರೆ ಅದಕ್ಕೆ ಗ್ರೀಸ್‌ನಷ್ಟು ತಕ್ಕ ದೇಶ ಮತ್ತೊಂದಿಲ್ಲ. ಓಟದ ಕಣ, ಗರಡಿ ಮತ್ತು ದೇವಾಲಯಗಳ ಅವಶೇಷಗಳು ಅಲ್ಲಿ ಒಂದೇ ಆವರಣದಲ್ಲಿ ಉಳಿದಿವೆ. ಗ್ರೀಕರಿಗೆ ಈ ಸೀಮೆಯೂ ತೀರಾ ಅಪರಿಚಿತವಾಗಿರಲಿಲ್ಲ. ಕ್ರಿ.ಶ. 2ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಭೂಗೋಳ ಗ್ರಂಥ ರಚಿಸಿದ ಟಾಲೆಮಿಯು ಬೆರಿಲ್ ರತ್ನ ದೊರೆಯುವ ನೆಲೆಯೆಂದು ಹೆಸರಿಸಿದ ಸ್ಥಳವನ್ನು ಪುನ್ನಾಟವೆಂದೂ, ಆ ರಾಜ್ಯದ ರಾಜಧಾನಿ ಕೀರ್ತಿಪುರವನ್ನು ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ತೀರದ ಕಿತ್ತೂರೆಂದೂ ಇತಿಹಾಸಕಾರರು ಗುರುತಿಸಿದ್ದಾರೆ. ಪ್ರವಾಸದ ಮೊದಲ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಸಿದ್ಧತೆಯ ಮೊದಲ ಹೆಜ್ಜೆ ಪಾಸ್‌ಪೋರ್ಟ್. ಅದನ್ನು ಒಂದು ವರ್ಷ ಮುಂಚೆಯೇ ಆರಂಭಿಸುವುದು ಕ್ಷೇಮ. ಗ್ರಾಮೀಣ ವಿದ್ಯಾರ್ಥಿಗಳ ಅರ್ಜಿಗೆ ಹೆಸರೇ ತೊಡಕಾಗುವ ಸಂಭವ ಹೆಚ್ಚು. ಶಾಲಾ ದಾಖಲೆಯಲ್ಲಿ ‘ಮಹೇಶ ಎಚ್.ಎಸ್.’ ಎಂದಿದ್ದು ಆಧಾರ್‌ನಲ್ಲಿ ‘ಮಹೇಶ’ ಎಂದಷ್ಟೇ ಇದ್ದರೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿಲ್ಲದ ಕಾರಣ, ಎಲ್ಲ ದಾಖಲೆಗಳಲ್ಲೂ ಪೂರ್ಣ ಹೆಸರು ಒಂದೇ ರೀತಿ ಇರುವಂತೆ ಮೊದಲು ಸರಿಪಡಿಸಿಕೊಳ್ಳಬೇಕು. ಅಪ್ರಾಪ್ತ ವಯಸ್ಕರಿಗೆ ಸಾಮಾನ್ಯ ಶುಲ್ಕ 1,000 ರೂಪಾಯಿ. ತಂದೆತಾಯಿ ಇಬ್ಬರೂ ಸಹಿ ಮಾಡುವ ‘ಅನುಬಂಧ ಡಿ’ ಎಂಬ ಘೋಷಣೆ ಜೊತೆಗಿರಬೇಕು. ಅರ್ಜಿದಾರರು ಬೆಂಗಳೂರಿಗೆ ಅಲೆಯಬೇಕಿಲ್ಲ. 2017ರ ಜನವರಿಯಲ್ಲಿ ಮೈಸೂರಿನ ಮೇಟಗಳ್ಳಿಯಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವು ದೇಶದಲ್ಲಿ ಈ ಬಗೆಯ ಮೊದಲ ಕೇಂದ್ರಗಳಲ್ಲೊಂದು.

ಇಬ್ಬಗೆಯ ವಿದ್ಯಾರ್ಥಿಗಳ ಬಗ್ಗೆ ಶಾಲೆಯೇ ಮುಂದಾಗಿ ಕಾಳಜಿ ವಹಿಸಬೇಕು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬ, ಕಾಡುಕುರುಬ ಮಕ್ಕಳಲ್ಲಿ ಯಾರದಾದರೂ ಜನನ ನೋಂದಣಿ ಆಗಿರದಿದ್ದರೆ, ಒಂದು ವರ್ಷ ಮೀರಿದ ನೋಂದಣಿಗೆ ದಂಡಾಧಿಕಾರಿಯ ಆದೇಶ ಬೇಕಾಗುವುದರಿಂದ ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದರೆ 2023ರ ಅಕ್ಟೋಬರ್ 1ಕ್ಕೆ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರವನ್ನೂ ಜನ್ಮದಿನಾಂಕದ ಪುರಾವೆಯಾಗಿ ಒಪ್ಪುವುದುಂಟು. ಬೈಲಕುಪ್ಪೆ ಮತ್ತು ಗುರುಪುರದ ನಿರಾಶ್ರಿತ ಟಿಬೆಟಿಯನ್ ಕುಟುಂಬಗಳ ಮಕ್ಕಳು ಪಾಸ್‌ಪೋರ್ಟ್ ಬದಲು ಭಾರತ ಸರ್ಕಾರ ನೀಡುವ ‘ಗುರುತಿನ ಪ್ರಮಾಣಪತ್ರ’ದ ಮೇಲೆ ಪ್ರಯಾಣಿಸುತ್ತಾರೆ, ಅದರ ಅರ್ಜಿಯ ದಾರಿಯೇ ಬೇರೆಯಾದ್ದರಿಂದ ಅವರು ಎಲ್ಲರಿಗಿಂತ ಮೊದಲೇ ಅರ್ಜಿ ಸಲ್ಲಿಸಬೇಕು. ದಾಖಲೆಯ ಕೊರತೆಯಿಂದ ಒಂದು ಮಗುವೂ ಹಿಂದುಳಿಯಬಾರದು.

ಎರಡನೆಯ ಹೆಜ್ಜೆ ವೀಸಾ. ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಯೂರೋಪಿನ ದೇಶಗಳ ಒಕ್ಕೂಟಕ್ಕೆ ಷೆಂಗೆನ್ ವಲಯವೆಂದು ಹೆಸರು; ಗ್ರೀಸ್ ಅದರ ಸದಸ್ಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಸಲ್ಲಿಸಬಹುದು, ಕೊನೆಯ ಗಡುವು 15 ದಿನ ಮೊದಲು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ ಇದ್ದರೂ, ಶಿಕ್ಷಣದ ಉದ್ದೇಶಕ್ಕೆ ತೆರಳುವ ವಿದ್ಯಾರ್ಥಿಗಳಿಗೂ ಜೊತೆಗಿರುವ ಶಿಕ್ಷಕರಿಗೂ ನಿಯಮದಲ್ಲೇ ವಿನಾಯಿತಿ ಇದೆ. ಆದ್ದರಿಂದ ಶಾಲೆಯ ಲೆಟರ್‌ಹೆಡ್‌ನಲ್ಲಿ ಪ್ರವಾಸದ ಪಾಠಕ್ರಮವನ್ನು ವಿವರಿಸುವ ಪತ್ರವೊಂದನ್ನು ಲಗತ್ತಿಸಿ, ವಿನಾಯಿತಿಯನ್ನು ಬಾಯಿಬಿಟ್ಟು ಕೇಳುವುದು ಅಗತ್ಯ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಮತ್ತು ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. 12 ವರ್ಷ ತುಂಬಿದವರು ಬೆರಳಚ್ಚನ್ನೂ ನೀಡಬೇಕು. ಸರ್ಕಾರಿ ಶಿಕ್ಷಕರು ಇಲಾಖೆಯ ಪೂರ್ವಾನುಮತಿ ಪಡೆದಿರಬೇಕು.

ಮೂರನೆಯದು ಮಾರ್ಗದ ಆಯ್ಕೆ. ಒಂದೇ ವಾರದಲ್ಲಿ ಐದು ದೇಶ ತೋರಿಸುವ ಪ್ಯಾಕೇಜುಗಳಲ್ಲಿ ಮಕ್ಕಳು ಬಸ್ಸಿನ ಕಿಟಕಿಯನ್ನಷ್ಟೇ ನೋಡುತ್ತಾರೆ. ಅಥೆನ್ಸ್, ನೆಮಿಯಾ, ಒಲಿಂಪಿಯಾ ಈ ಮೂರೇ ಸಾಕು. ಅಥೆನ್ಸ್‌ನ ಪ್ಯಾನಥಿನೈಕ್ ಕ್ರೀಡಾಂಗಣವು 1896ರ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ ಅಮೃತಶಿಲೆಯ ಕಣ. ನೆಮಿಯಾದಲ್ಲಿ ಓಟಗಾರರು ಕಣಕ್ಕಿಳಿಯುತ್ತಿದ್ದ ಕಮಾನು ಸುರಂಗದ ಗೋಡೆಯ ಮೇಲೆ ಪ್ರಾಚೀನರು ಗೀಚಿದ ಹೆಸರುಗಳು ಇಂದಿಗೂ ಕಾಣುತ್ತವೆ. ಅಥೆನ್ಸ್‌ನಿಂದ ಸುಮಾರು 300 ಕಿಲೋಮೀಟರ್ ದೂರದ, ಪ್ರಾಚೀನ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾಕ್ಕೆ ಪೂರ್ತಿ ಒಂದು ದಿನ ಮೀಸಲಿಡಬೇಕು. ಅಲ್ಲಿನ ಕಣದಲ್ಲಿ ಮೆಟ್ಟಿಲಾಸನಗಳಿಲ್ಲ, ಪ್ರೇಕ್ಷಕರು ಕೂರುತ್ತಿದ್ದುದು ಹುಲ್ಲಿನ ದಿಬ್ಬದ ಮೇಲೆ. ಓಟ ಹೊರಡುವ ಕಲ್ಲಿನ ಗೆರೆಯಲ್ಲಿ ಕಾಲ್ಬೆರಳು ಊರಲು ಕೊರೆದ ತೋಡುಗಳು ಹಾಗೆಯೇ ಇವೆ. ಕಣದ ಪ್ರವೇಶದ್ವಾರಕ್ಕೆ ಮುನ್ನ ‘ಝಾನೆಸ್’ ಎಂಬ ಕಂಚಿನ ವಿಗ್ರಹಗಳ ಬರಿಯ ಪೀಠಗಳ ಸಾಲಿದೆ. ಮೋಸ ಮಾಡಿ ಸಿಕ್ಕಿಬಿದ್ದ ಕ್ರೀಡಾಪಟುಗಳ ದಂಡದ ಹಣದಿಂದ ಮಾಡಿಸಿದ ಜ್ಯೂಸ್ ದೇವನ ಮೂರ್ತಿಗಳು ಅಲ್ಲಿದ್ದವು. ಕ್ರಿ.ಪೂ. 388ರಲ್ಲಿ ಎದುರಾಳಿಗಳಿಗೆ ಲಂಚ ಕೊಟ್ಟ ಯೂಪೋಲಸ್ ಎಂಬ ಮುಷ್ಟಿಮಲ್ಲನಿಂದ ಈ ದಂಡದ ಪದ್ಧತಿ ಮೊದಲಾಯಿತು. ಕಣಕ್ಕೆ ಕಾಲಿಡುವ ಪ್ರತಿಯೊಬ್ಬ ಸ್ಪರ್ಧಿಯೂ ಈ ಸಾಲನ್ನು ಹಾದೇ ಹೋಗಬೇಕಿತ್ತು ಎಂಬುದನ್ನು ಶಿಕ್ಷಕರು ಅಲ್ಲಿಯೇ ನಿಂತು ವಿವರಿಸಬೇಕು.

ಹೊರಡುವ ಮುನ್ನ ಊರಿನಲ್ಲೇ ಮಾಡಬೇಕಾದ ಅಭ್ಯಾಸವೂ ಇದೆ. ಒಲಿಂಪಿಯಾದ ಓಟದ ದೂರವಾದ 192 ಮೀಟರನ್ನು ಊರ ಬಯಲಿನಲ್ಲಿ ಹಗ್ಗ ಹಿಡಿದು ಅಳೆದು, ಸಾಧ್ಯವಿದ್ದವರು ಬರಿಗಾಲಲ್ಲಿ ಓಡಲಿ. ಮೈಸೂರಿನ ಗರಡಿಯೊಂದರಲ್ಲಿ ಕೆಮ್ಮಣ್ಣಿನ ಮಟ್ಟಿಯನ್ನು ಹದಮಾಡುವುದನ್ನು ನೋಡಿ ಬಂದವರಿಗೆ, ಮೈಗೆ ಎಣ್ಣೆ ಪೂಸಿಕೊಂಡು ಮಲ್ಲರು ಸೆಣಸುತ್ತಿದ್ದ ಒಲಿಂಪಿಯಾದ ‘ಪಲೈಸ್ತ್ರಾ’ ಅಂದರೆ ಕುಸ್ತಿಮನೆಯ ಅಂಗಳ ಏನೆಂಬುದು ತಾನಾಗಿ ತಿಳಿಯುತ್ತದೆ.

ಕಾಲದ ಆಯ್ಕೆಯಲ್ಲಿ ಏಪ್ರಿಲ್-ಮೇ ಬೇಸಿಗೆ ರಜೆಯೇ ಮೇಲು. ಆರ್ಥೊಡಾಕ್ಸ್ ಈಸ್ಟರ್ ಭಾನುವಾರ ಮತ್ತು ಮೇ 1ರಂದು ಪುರಾತತ್ವ ತಾಣಗಳು ಮುಚ್ಚಿರುವುದರಿಂದ ಆ ದಿನಗಳನ್ನು ಪ್ರಯಾಣಕ್ಕೆ ಬಿಡಬೇಕು. ಜುಲೈ-ಆಗಸ್ಟ್‌ನಲ್ಲಿ ಬಿಸಿಲು ವಿಪರೀತ. ದಸರಾ ರಜೆಯಲ್ಲೂ ಹವೆ ಹಿತವಾಗಿರುತ್ತದೆಯಾದರೂ, ಹುಣಸೂರು ತಾಲ್ಲೂಕಿನವರೇ ಆದ ಡಿ. ದೇವರಾಜ ಅರಸರ ಹೆಸರಿನ ದೊಡ್ಡಕೆರೆ ಮೈದಾನದ ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕುಸ್ತಿಯನ್ನು ಅದೇ ವಿದ್ಯಾರ್ಥಿಗಳು ಮೊದಲು ನೋಡಿರುವುದು ಲೇಸು.