ಮಗ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ನಾಗಮಂಗಲ ತಾಲೂಕು ಹೊಣಕೆರೆ ಹೋಬಳಿಯವಳು. ಮಗ ಐದು ವರ್ಷದಿಂದ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಯಜಮಾನರಿಗೆ ಹೃದಯದ ಆಪರೇಷನ್ ಆದಾಗಲೂ ಬರಲಿಲ್ಲ. ಕೇಳಿದರೆ ‘ಸ್ಟಾಂಪಿಂಗ್ ತೊಂದರೆ’ ಅನ್ನುತ್ತಾನೆ. ಬಿ.ಇ. ಓದಿದ ಸೊಸೆ ಅಲ್ಲಿ ಸುಮ್ಮನೆ ಮನೆಯಲ್ಲಿದ್ದಾಳೆ. ‘ಅವನು ಅಲ್ಲಿಯವನೇ ಆಗಿಬಿಟ್ಟ, ಜಮೀನನ್ನೆಲ್ಲ ಮಗಳಿಗೇ ಬರೆದುಬಿಡೋಣ’ ಎಂದು ಯಜಮಾನರು ಹಟ ಹಿಡಿದಿದ್ದಾರೆ. ನರ್ಸಿಂಗ್ ಮುಗಿಸುತ್ತಿರುವ ಆ ಮಗಳೂ ಈಗ ಹೊರದೇಶ ಅನ್ನುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಅಮ್ಮಾ, ಸ್ಟಾಂಪಿಂಗ್ ಅನ್ನುವುದನ್ನು ನೆಪ ಎಂದುಕೊಳ್ಳಬೇಡಿ. ನಿಮ್ಮ ಮಗ ಎಚ್-1ಬಿ ವೀಸಾದಲ್ಲಿರಬೇಕು. ಸಾಫ್ಟ್‌ವೇರ್‌ನವರು ಬಹುಪಾಲು ಹಾಗೆಯೇ ಇರುತ್ತಾರೆ. ಅಲ್ಲಿ ಇರುವ ಅನುಮತಿ ಬೇರೆ, ಒಳಗೆ ಹೋಗಲು ಪಾಸ್‌ಪೋರ್ಟಿನ ಮೇಲೆ ಬೀಳುವ ವೀಸಾ ಮುದ್ರೆ ಬೇರೆ. ಮೊದಲನೆಯದು ಅಲ್ಲಿದ್ದುಕೊಂಡೇ ನವೀಕರಣವಾಗುತ್ತದೆ. ಮುದ್ರೆಯ ಅವಧಿ ಮುಗಿದಿದ್ದರೆ ಮಾತ್ರ ಊರಿಗೆ ಬಂದವನು ಚೆನ್ನೈ, ಹೈದರಾಬಾದಿನಂಥ ಕಡೆ ದೂತಾವಾಸದ ಸಂದರ್ಶನ ಮುಗಿಸದೆ ಹಿಂತಿರುಗುವಂತಿಲ್ಲ. 2025ರ ಡಿಸೆಂಬರಿನಲ್ಲಿ ಹೀಗೆ ಬಂದ ಎಷ್ಟೋ ಮಂದಿಯ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ಅವರು ಇಲ್ಲೇ ಸಿಕ್ಕಿಕೊಂಡರು. ಅಷ್ಟು ದಿನ ಕಂಪನಿ ಕಾಯದಿದ್ದರೆ ಕೆಲಸ ಹೋಯಿತು. ಅಲ್ಲಿದ್ದಾಗಲೇ ಕೆಲಸ ಹೋದರೂ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ಅಪ್ಪನ ಆಪರೇಷನ್ ದಿನ ಅವನು ಆ ಭಯದಲ್ಲೇ ಕೂತಿದ್ದನೋ ಏನೋ. ನಿಮ್ಮ ನೋವು ಸಣ್ಣದಲ್ಲ. ಆದರೆ ಅದನ್ನು ಅವನ ಪ್ರೀತಿಯ ಲೆಕ್ಕಕ್ಕೆ ಬರೆಯಬೇಡಿ.

ಸೊಸೆಯ ವಿಚಾರ ನನಗೆ ಹೆಚ್ಚು ಸಂಕಟ ಕೊಟ್ಟಿತು. ಗಂಡನ ವೀಸಾಕ್ಕೆ ಅಂಟಿಕೊಂಡ ಎಚ್-4ರಲ್ಲಿ ಹೋದವಳು ದುಡಿಯುವುದೇ ಕಾನೂನುಬಾಹಿರ. ಗಂಡನ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ-140 ಅರ್ಜಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಅವಳೂ ಕೆಲಸದ ಪರವಾನಗಿ ಕೇಳಬಹುದು. 2015ರಿಂದ ಆ ಅವಕಾಶವಿದೆ. ಅಲ್ಲಿಯವರೆಗೆ ಓದು, ಅನುಭವ ಎಲ್ಲ ಪೆಟ್ಟಿಗೆಯಲ್ಲಿ. ‘ಸುಮ್ಮನೆ ಕೂತಿದ್ದಾಳೆ’ ಎಂಬ ಮಾತು ನೆಂಟರ ಬಾಯಲ್ಲಿ ಬಂದಾಗ ದಯವಿಟ್ಟು ತಡೆಯಿರಿ, ಅವಳಿಗೆ ನೀವಾಗಿ ಫೋನ್ ಮಾಡಿ.

ಗ್ರೀನ್ ಕಾರ್ಡ್ ಬೇಗ ಬರುತ್ತದೆಂದು ಕಾಯಬೇಡಿ. ಉದ್ಯೋಗದ ಮೇಲೆ ಕೊಡುವುದು ವರ್ಷಕ್ಕೆ ಸುಮಾರು 1,40,000. ಯಾವ ದೇಶದಲ್ಲಿ ಹುಟ್ಟಿದವರಿಗೂ ಶೇ. 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಬೇರೆ. ಪುಟ್ಟ ದೇಶಕ್ಕೂ ನಮ್ಮಂಥ ದೇಶಕ್ಕೂ ಒಂದೇ ಅಳತೆ. ಅದಕ್ಕೇ ನಮ್ಮವರ ಸರದಿ ಹತ್ತು ವರ್ಷ ದಾಟಿ ನಿಂತಿದೆ. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಹುಟ್ಟಿದ ಊರಿನ ಕಾರಣಕ್ಕೆ ಒಬ್ಬನನ್ನು ಇಷ್ಟು ಕಾಯಿಸುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಜಮೀನಿನ ವಿಷಯದಲ್ಲಿ ಯಜಮಾನರು ಸಿಟ್ಟಿನಲ್ಲಿ ಸಹಿ ಹಾಕುವುದು ಬೇಡ. ಗ್ರೀನ್ ಕಾರ್ಡ್ ಬಂದರೂ ಮಗ ಭಾರತದ ಪೌರನೇ. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ ನಿಜ, ಆದರೆ ಹೆತ್ತವರಿಂದ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಿತ್ರಾರ್ಜಿತವಾಗಿದ್ದರೆ ಮಗನಿಗೂ ಮಗಳಿಗೂ ಸಮಪಾಲು. ಒಬ್ಬರಿಗೇ ಬರೆಯಲು ಹೋದರೆ ನಾಳೆ ಅಣ್ಣ ತಂಗಿ ಕೋರ್ಟಿನಲ್ಲಿ ಎದುರುಬದುರಾಗುತ್ತಾರೆ.

ಇನ್ನು ಮಗಳು. ಸಂಬಳ ಎಷ್ಟು ಎಂದು ಕೇಳುವ ಮೊದಲು ಯಾವ ಪರವಾನಗಿ ಎಂದು ಕೇಳಲಿ. ಬ್ರಿಟನ್ನಿಗೆ ನರ್ಸ್ ಆಗಿ ಹೋಗುವುದೂ ವೃದ್ಧರ ಆರೈಕೆಯ ಕೇರ್ ವರ್ಕರ್ ಆಗಿ ಹೋಗುವುದೂ ಒಂದೇ ಅಲ್ಲ. ಕೇರ್ ವರ್ಕರ್‌ಗಳು ಕುಟುಂಬವನ್ನು ಕರೆದೊಯ್ಯುವುದು 2024ರ ಮಾರ್ಚಿನಲ್ಲೇ ನಿಂತಿತು. 2025ರ ಜುಲೈನಿಂದ ಹೊರದೇಶದಿಂದ ಹೊಸಬರ ನೇಮಕವೂ ಇಲ್ಲ. ಆ ಕೆಲಸದ ಆಸೆ ತೋರಿಸಿ ಈಗಲೂ ದುಡ್ಡು ಕೇಳುವವನನ್ನು ನಂಬಬೇಡಿ. ಜರ್ಮನಿಯಲ್ಲಿ ಭಾಷೆ ಕಲಿತು, ನರ್ಸಿಂಗ್ ಪದವಿಗೆ ಅಲ್ಲಿನ ಮಾನ್ಯತೆ ಪಡೆಯುವುದು ಕಷ್ಟದ ದಾರಿ. ಆದರೆ ನುರಿತ ಕೆಲಸಗಾರರು ಮೂರು ವರ್ಷಕ್ಕೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಜೊತೆಗೆ ಹೋದ ಗಂಡನೂ ದುಡಿಯಬಹುದು. ಅತ್ತಿಗೆಯ ಸ್ಥಿತಿ ನೋಡಿದವಳಿಗೆ ಇದರ ಬೆಲೆ ಗೊತ್ತಾಗುತ್ತದೆ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮುಂದಿನ ಸಲ ಮಗ ಫೋನ್ ಮಾಡಿದಾಗ ಯಜಮಾನರ ಕೈಗೇ ಕೊಡಿ. ಮುದ್ರೆ ಯಾವಾಗ ಮುಗಿಯಿತು, ಐ-140 ಆಗಿದೆಯಾ ಎಂದು ಅವರೇ ಕೇಳಲಿ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದರೆ ನೀವಿಬ್ಬರೂ ಸಂದರ್ಶಕರ ವೀಸಾಕ್ಕೆ ಅರ್ಜಿ ಹಾಕಿ, ಅವನು ಬರುವವರೆಗೆ ಕಾಯಬೇಕೆಂದೇನಿಲ್ಲ.