ಆಹಾರ ಸುರಕ್ಷತೆ: ಅಂಗಡಿಯ ರಸೀದಿಯ ಮಹತ್ವ

1998ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ದೆಹಲಿಯ ಆಸ್ಪತ್ರೆಗಳಿಗೆ ಕಾಲು ಬಾತು ಏದುಸಿರು ಬಿಡುತ್ತಿದ್ದ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ಅವರು ಅಡಿಗೆಗೆ ಬಳಸಿದ್ದ ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. 60ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಹಳದಿ ಹೂವಿನ ಈ ಗಿಡ ಕಳೆಯಾಗಿ ಬೆಳೆಯುವಂಥದು. ಇದರ ಬೀಜ ನೋಟಕ್ಕೆ ಸಾಸಿವೆಯನ್ನೇ ಹೋಲುತ್ತದೆ. ಅದರಲ್ಲಿರುವ ವಿಷವಸ್ತು ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸಿ, ಶರೀರದಲ್ಲಿ ನೀರು ತುಂಬುವಂತೆ ಮಾಡಿ, ಕಡೆಗೆ ಹೃದಯವನ್ನೇ ದುರ್ಬಲಗೊಳಿಸುತ್ತದೆ.

ಆಗ ದೇಶದಲ್ಲಿ ಕಾಯಿದೆ ಇರಲಿಲ್ಲವೆಂದಲ್ಲ. 1954ರ ಆಹಾರ ಕಲಬೆರಕೆ ನಿವಾರಣಾ ಕಾಯಿದೆಯು 1955ರ ಜೂನ್ 1ರಿಂದಲೇ ಜಾರಿಯಲ್ಲಿತ್ತು. ಆದರೆ ಡಬ್ಬದಿಂದ ಅಳೆದು ಮಾರುವ ಬಿಡಿ ಎಣ್ಣೆಗೆ ಊರಿಲ್ಲ, ಹೆಸರಿಲ್ಲ. ಗಾಣದಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ ಕೈ ಬದಲಾಯಿಸುತ್ತ ಬಂದ ಸರಕಿನ ಮೂಲವನ್ನು ಹುಡುಕುವುದು ಸುಲಭವಲ್ಲ. ಆದುದರಿಂದಲೇ ಅದೇ ವರ್ಷ ಕೇಂದ್ರ ಸರ್ಕಾರವು ಖಾದ್ಯ ತೈಲಗಳನ್ನು ಪೊಟ್ಟಣ ಕಟ್ಟಿ, ತಯಾರಕರ ವಿವರಗಳೊಡನೆ ಮಾರುವ ಬಗೆಗೆ ಪ್ರತ್ಯೇಕ ಆಜ್ಞೆಯನ್ನು ಹೊರಡಿಸಿತು. ಆಹಾರ ಎಲ್ಲಿಂದ ಬಂತೆಂಬುದು ದಾಖಲೆಯಲ್ಲಿ ಇಲ್ಲದಿದ್ದರೆ ಕಾನೂನಿನ ಕೈ ಕಟ್ಟಿದಂತೆಯೇ ಎಂಬುದು ಆ ದುರಂತ ಕಲಿಸಿದ ಪಾಠ.

ಹಳೆಯ ಕಾಯಿದೆ, ಹೊಸ ಕಾಯಿದೆ

2006ರಲ್ಲಿ ಸಂಸತ್ತು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಅಂಗೀಕರಿಸಿತು. 2011ರ ಆಗಸ್ಟ್ 5ರಂದು ಅದು ಜಾರಿಗೆ ಬಂದು, 1954ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಹಣ್ಣಿನ ಪದಾರ್ಥ, ಮಾಂಸ, ಹಾಲು ಮುಂತಾದವುಗಳಿಗಿದ್ದ ಬೇರೆ ಬೇರೆ ಆಜ್ಞೆಗಳೂ ಅದರಲ್ಲಿ ಲೀನವಾದವು.

ಹಳೆಯ ಕಾಯಿದೆಯಲ್ಲಿ ಸಣ್ಣ ತಪ್ಪೂ ದೊಡ್ಡ ಅಪರಾಧವೂ ಬಹುಮಟ್ಟಿಗೆ ಕ್ರಿಮಿನಲ್ ನ್ಯಾಯಾಲಯದ ಮೆಟ್ಟಲನ್ನೇ ಹತ್ತಬೇಕಾಗಿತ್ತು. ಹೊಸ ಕಾಯಿದೆ ಇವನ್ನು ವಿಂಗಡಿಸಿದೆ. ನಿಗದಿಯಾದ ಗುಣಮಟ್ಟವಿಲ್ಲದ ಪದಾರ್ಥಕ್ಕೆ 5 ಲಕ್ಷ ರೂಪಾಯಿವರೆಗೆ, ಸುಳ್ಳು ಅಥವಾ ಅಪೂರ್ಣ ಲೇಬಲ್ಲಿಗೆ 3 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವನ್ನು ನಿರ್ಣಯಾಧಿಕಾರಿಯೇ ವಿಧಿಸಬಹುದು. ಆರೋಗ್ಯಕ್ಕೆ ಅಪಾಯಕರವಾದ ಆಹಾರವಾದರೆ ಸೆರೆಮನೆವಾಸ ಉಂಟು. ಅದರಿಂದ ಸಾವು ಸಂಭವಿಸಿದರೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಉತ್ಪಾದಕರಿಗೆ ಇದರ ಅರ್ಥವೇನು?

ಪರಊರುಗಳಲ್ಲಿ ನೆಲೆಸಿದ ಕನ್ನಡಿಗರ ಪೈಕಿ ಮನೆಯಲ್ಲೇ ಹಪ್ಪಳ, ಸಂಡಿಗೆ, ಸಾರಿನಪುಡಿ, ಉಪ್ಪಿನಕಾಯಿ ಮಾಡಿ ಮಾರಿ ಸಂಸಾರಕ್ಕೆ ನೆರವಾಗುವ ಮಹಿಳೆಯರಿದ್ದಾರೆ. ಕಾಯಿದೆ ಎಂದೊಡನೆ ಇಂತಹವರಿಗೆ ಅಂಜಿಕೆಯಾಗುವುದು ಸಹಜ. ಸಣ್ಣ ತಯಾರಕರಿಗೆ ದೊಡ್ಡ ಕಾರ್ಖಾನೆಯಂತೆ ಲೈಸೆನ್ಸ್ ಬೇಕಿಲ್ಲ. ಸರಳ ನೋಂದಣಿ ಸಾಕೆಂದು ಕಾಯಿದೆಯೇ ಹೇಳುತ್ತದೆ. ಆದರೆ ಶುಚಿತ್ವದ ನಿಯಮದಿಂದ ಯಾರಿಗೂ ವಿನಾಯಿತಿ ಇಲ್ಲ.

ಪ್ರಾಮಾಣಿಕ ವ್ಯಾಪಾರಿಗೆ ಕಾಯಿದೆ ರಕ್ಷಣೆಯನ್ನೂ ಒದಗಿಸಿದೆ. ಅಧಿಕಾರಿ ಮಾದರಿಯನ್ನು ತೆಗೆದುಕೊಂಡಾಗ ಅದರ ಬೆಲೆಯನ್ನು ಕೊಡಬೇಕು. ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ವ್ಯಾಪಾರಿ ಬಯಸಿದಲ್ಲಿ ಒಂದು ಭಾಗ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಹೋಗುತ್ತದೆ. ಎರಡು ವರದಿಗಳಲ್ಲಿ ಭಿನ್ನತೆ ಕಂಡರೆ ಉನ್ನತ ಪ್ರಯೋಗಾಲಯದ ತೀರ್ಮಾನವೇ ಅಂತಿಮ.

ಇದಕ್ಕಿಂತ ಮುಖ್ಯವಾದುದು ರಸೀದಿ. ತಯಾರಕನು ಅಂಗಡಿಯವನಿಗೆ ಕೊಡುವ ಬಿಲ್ಲೇ ಸರಕಿನ ಗುಣಮಟ್ಟಕ್ಕೆ ಲಿಖಿತ ಖಾತರಿ ಎಂದು 26ನೆಯ ಪ್ರಕರಣ ಪರಿಗಣಿಸುತ್ತದೆ. ಸರಕನ್ನು ಯಾರಿಂದ ಕೊಂಡೆನೆಂದು ತೋರಿಸಲಾಗದ ಅಂಗಡಿಯವನು ತಾನೇ ಹೊಣೆಗಾರನಾಗುತ್ತಾನೆಂದು 27ನೆಯ ಪ್ರಕರಣ ತಿಳಿಸುತ್ತದೆ. ಬಿಲ್ಲಿಲ್ಲದೆ ನಾಲ್ಕು ಕಾಸು ಅಗ್ಗವಾಗಿ ಕೊಂಡ ಮೆಣಸಿನಪುಡಿಯಲ್ಲಿ ಬಣ್ಣ ಕಂಡುಬಂದರೆ, ಬೆರೆಸಿದವನು ಮರೆಯಲ್ಲಿ ಉಳಿಯುತ್ತಾನೆ. ಮಾರಿದವನು ಕಟಕಟೆಯಲ್ಲಿ ನಿಲ್ಲುತ್ತಾನೆ.

ಬಳಕೆದಾರರು ಮಾಡಬೇಕಾದುದೇನು?

ಮೊದಲನೆಯದಾಗಿ, ಪೊಟ್ಟಣದ ಮೇಲಿನ ಬರಹವನ್ನು ಓದುವ ಅಭ್ಯಾಸ ಬೇಕು. ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ದಿನಾಂಕ, ಬಳಕೆಯ ಅವಧಿ, 14 ಅಂಕಿಗಳ ಲೈಸೆನ್ಸ್ ಸಂಖ್ಯೆ ಇವೆಯೇ ಎಂದು ನೋಡಬೇಕು. ಯಾವ ವಸ್ತು ಹೆಚ್ಚು ಪ್ರಮಾಣದಲ್ಲಿದೆಯೋ ಅದರ ಹೆಸರೇ ಘಟಕಗಳ ಪಟ್ಟಿಯಲ್ಲಿ ಮೊದಲು ಬರುತ್ತದೆ. ಹಣ್ಣಿನ ಪಾನಕವೆಂದು ಕೊಂಡ ಸೀಸೆಯಲ್ಲಿ ಸಕ್ಕರೆಯ ಹೆಸರು ಹಣ್ಣಿಗಿಂತ ಮುಂದಿದ್ದರೆ ಕೊಂಡದ್ದು ಏನೆಂಬುದು ತಾನೇ ತಿಳಿಯುತ್ತದೆ.

ಎರಡನೆಯದಾಗಿ, ಸಂಶಯ ಬಂದ ಆಹಾರವನ್ನು ಸಾಮಾನ್ಯ ಗ್ರಾಹಕನೂ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. 40ನೆಯ ಪ್ರಕರಣ ಕೊಟ್ಟಿರುವ ಈ ಹಕ್ಕನ್ನು ಅರಿತವರು ವಿರಳ. ಆದರೆ ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ದೋಷವಿದೆಯೆಂದು ವರದಿ ಬಂದರೆ ಶುಲ್ಕ ಹಿಂದಿರುಗುತ್ತದೆ.

ಮೂರನೆಯದಾಗಿ, ರಸೀದಿಯನ್ನು ಕೇಳಿ ಪಡೆಯಬೇಕು; ಆಹಾರದಿಂದ ತೊಂದರೆಯಾದಾಗ ಉಳಿದ ಪದಾರ್ಥವನ್ನೂ ಪೊಟ್ಟಣವನ್ನೂ ಅದರೊಡನೆ ಜೋಪಾನವಾಗಿಡಬೇಕು. ಸಾವು ಸಂಭವಿಸಿದ ಪ್ರಕರಣದಲ್ಲಿ ಕುಟುಂಬಕ್ಕೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರವನ್ನು ಕಾಯಿದೆ ಹೇಳುತ್ತದೆ. ಕೊಂಡದ್ದು ಎಲ್ಲಿ ಎಂಬುದಕ್ಕೆ ಆಧಾರವೇ ಇಲ್ಲದಿದ್ದರೆ ಆ ಪರಿಹಾರ ಕೈಗೆಟುಕುವುದು ಕಷ್ಟ.

ಒಡವೆ ಕೊಳ್ಳುವಾಗ ರಸೀದಿಯಿಲ್ಲದೆ ಅಂಗಡಿಯಿಂದ ಕದಲದ ಗೃಹಸ್ಥರು ಎಣ್ಣೆ, ಬೇಳೆ, ಹಾಲಿನ ವಿಷಯದಲ್ಲಿ ಅದನ್ನು ಕೇಳಲು ಸಂಕೋಚಪಡುತ್ತಾರೆ. ಒಡವೆಯಲ್ಲಿ ಮೋಸವಾದರೆ ಹಣ ಹೋದೀತು. ಎಣ್ಣೆಯಲ್ಲಿ ಮೋಸವಾದರೆ ಏನು ಹೋಗುತ್ತದೆಂಬುದನ್ನು 1998ರ ದೆಹಲಿ ಕಂಡಿದೆ. ಕೊಡುವವನು ಬರೆದುಕೊಡುವ, ಕೊಳ್ಳುವವನು ಕೇಳಿ ಪಡೆಯುವ ರೂಢಿ ಬೆಳೆದಷ್ಟೂ ಕಾಯಿದೆಯ ಬಲ ಹೆಚ್ಚುತ್ತದೆ.